ಮಗಳಿಗೊಂದು ಪತ್ರ: ದೂಡಿದ ತಟ್ಟೆ

ಪ್ರೀತಿಯ ಪುಟ್ಟಿ,

ಯುಗಾದಿಗೆ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದೆಯಂತೆ. ರಜೆ ಸಿಗದ್ದಕ್ಕಲ್ಲ ಎಂದು ನನಗೆ ಗೊತ್ತು. ಜಪಾನಿನ ಕ್ಯೋಟೋದಲ್ಲಿ ನಿನ್ನ ಮನೆಯಲ್ಲಿ ನಾವಿದ್ದ ಬೇರೆ ದಿನಗಳ ಮಾತು ಬಿಡು, ನನ್ನನ್ನು ಕಾಡುವುದು ಆ ಒಂದು ರಾತ್ರಿಯ ಊಟ.

ನೀನು ಅಲ್ಲಿನ ದುಂಡನೆಯ ಕಾಮೊ ಬದನೆಯನ್ನು ಅಡ್ಡಕ್ಕೆ ಸೀಳಿ, ತಿರುಳಿಗೆ ಚೌಕಚೌಕವಾಗಿ ಗೀರು ಹಾಕಿ, ಎಣ್ಣೆ ಸವರಿ ಬೇಯಿಸಿ, ಬಿಳಿ ಮಿಸೊ ಎಂಬ ಹುದುಗಿಸಿದ ಸೋಯಾ ಕಾಳಿನ ಮುದ್ದೆ ಹಚ್ಚಿ ಕೆಂಪಗೆ ಸುಟ್ಟು ತಂದಿಟ್ಟಿದ್ದೆ. ಇದರ ಹೆಸರು ನಾಸು ದೆಂಗಾಕು ಅಂದೆ. ಮಿರಮಿರನೆ ಹೊಳೆಯುತ್ತಿತ್ತು. ನನ್ನ ಕಣ್ಣು ಹೋದದ್ದು ಕಪಾಟಿನಲ್ಲಿದ್ದ ಮಿರಿನ್ ಎಂಬ ಅಡುಗೆಯ ಸಿಹಿ ಮದ್ಯದ ಸೀಸೆಯ ಮೇಲೆ. ಅದರಲ್ಲಿ ಶೇಕಡಾ 14ರಷ್ಟು ಮದ್ಯಸಾರ ಇರುತ್ತದೆಂದು ಅಂಗಡಿಯಲ್ಲಿ ನೀನೇ ಹೇಳಿದ್ದೆ. ನಾನು ಒಂದು ಮಾತೂ ಕೇಳದೆ ತಟ್ಟೆ ದೂಡಿದೆ.

ನೀನು ಮಿರಿನ್ ಹಾಕಿರಲೇ ಇಲ್ಲ, ಸಕ್ಕರೆ ಹಾಕಿದ್ದೆ. ಮೀನಿನ ಸಾರಾದ ದಾಶಿ ನಮಗೆ ಆಗದೆಂದು ಹಿಂದಿನ ರಾತ್ರಿಯೇ ಕೊಂಬು ಎಂಬ ಕಡಲಕಳೆ ನೆನೆಸಿಟ್ಟು ಆ ನೀರಿನಲ್ಲಿ ಮಿಸೊ ಕದಡಿದ್ದೆ. ಅಮ್ಮ ಇದನ್ನು ಹೇಳಿದ್ದು ವಿಮಾನ ಹತ್ತಿದ ಮೇಲೆ. ನೀನೇಕೆ ಅಲ್ಲೇ ಹೇಳಲಿಲ್ಲ? ಇಲ್ಲ, ಕೇಳಬೇಕಾದವನು ನಾನು. ನೀನು ಅದನ್ನು ಚೆಲ್ಲಲಿಲ್ಲ. ಬೆಳಿಗ್ಗೆ ಬುತ್ತಿಗೆ ಹಾಕಿಕೊಂಡು ಹೋದೆ. ಡಬ್ಬಿಯ ಮುಚ್ಚಳ ಒತ್ತಿದ ಸದ್ದು ನನಗೆ ಮಲಗಿದ್ದಲ್ಲೇ ಕೇಳಿತು.

ನಿನ್ನೆ ಹುಳಿಗೆಂದು ಅಮ್ಮ ತಂದ ಉಡುಪಿಯ ಮಟ್ಟುಗುಳ್ಳ ಬದನೆಯಲ್ಲಿ ಎರಡನ್ನು ಎತ್ತಿಕೊಂಡೆ. ಬಣ್ಣ ಹಸಿರು, ಆದರೆ ದುಂಡಗೆ ನಿನ್ನ ಕಾಮೊ ಬದನೆಯ ಹಾಗೆಯೇ. ಯತಿ ವಾದಿರಾಜರು ಕೊಟ್ಟ ಬೀಜವೆಂದು ನಾವು ನಂಬಿದ ಗುಳ್ಳಕ್ಕೆ ಬಿಳಿ ಮಿಸೊ ಒಗ್ಗೀತೆ ಎಂಬ ಅನುಮಾನವಿತ್ತು. ಅಮ್ಮನ ಚೀಲಕ್ಕೆ ನೀನು ತುರುಕಿದ್ದ ಪೊಟ್ಟಣ ಫ್ರೀಜರಿನಲ್ಲೇ ಇತ್ತು. ಮೊದಲನೆಯದರಲ್ಲಿ ಮಿಸೊ ಹಚ್ಚಿದ ಮೈಯನ್ನೇ ಕಾವಲಿಗೆ ಹಾಕಿದೆ, ಸಕ್ಕರೆ ಸೀದು ಕಹಿಯಾಯಿತು. ಎರಡನೆಯದನ್ನು ಮುಚ್ಚಿಟ್ಟು ಮೆತ್ತಗೆ ಬೇಯಿಸಿದೆ. ಮಿಸೊ, ಸಕ್ಕರೆ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಹೊಳಪು ಬಂದ ಮೇಲೆ ಗೀರುಗಳಿಗೆ ಇಳಿಯುವಂತೆ ಸವರಿದೆ. ಕೊಂಬು ಇರಲಿಲ್ಲ. ಆದರೂ ಅಷ್ಟು ರುಚಿಯಿತ್ತು, ಪುಟ್ಟಿ. ಸಿಹಿಯ ಹಿಂದೆಯೇ ಉಪ್ಪು ಬರುತ್ತದೆ. ನೀನು ಮಾಡಿದ್ದು ಇದಕ್ಕಿಂತ ಎಷ್ಟು ಚೆನ್ನಾಗಿದ್ದಿರಬೇಕು!

ರಾತ್ರಿ ತಡವಾದರೆ ಅಂಗಡಿಯ ಅನ್ನದುಂಡೆಯಲ್ಲೇ ದಿನ ಕಳೆಯಬೇಡ. ಅದರಲ್ಲೂ ಮೀನಿನ ಸಾರ ಇರಬಹುದು, ಬರೆದದ್ದನ್ನು ಓದಿ ತೆಗೆದುಕೋ. ಚಳಿಯಲ್ಲಿ ಬಿಸಿಯಾಗಿ ಉಣ್ಣು. ಬೆಂಡೆಯಷ್ಟು ಬಡಕಲಾಗಿದ್ದೀಯೆಂದು ಅಮ್ಮ ಅಳುತ್ತಾಳೆ. ಒಬ್ಬರೇ ಇರುವವರು ಒಲೆಯ ಮುಂದೆ ಫೋನ್ ಹಿಡಿಯಬಾರದು, ಊಟದ ಹೊತ್ತು ತಪ್ಪಿಸಬಾರದು... ಇದನ್ನು ಬರೆಯಲು ಕೂತದ್ದಲ್ಲ.

ಅಪ್ಪನಿಗೆ ಆಗುವುದನ್ನು, ಆಗದ್ದನ್ನು ಒಂದೊಂದಾಗಿ ಯೋಚಿಸಿ ಮಾಡಿದ ಅಡುಗೆ ಅದು. ಪರದೇಶದಲ್ಲಿ ನಮ್ಮ ಪಥ್ಯ ಉಳಿಸಿಕೊಂಡು ಅವರ ರುಚಿಯನ್ನೂ ಕಲಿತಿದ್ದೀಯೆ. ಆ ಹೆಮ್ಮೆಯನ್ನು ಅಂದೇ ಹೇಳಬೇಕಿತ್ತು. ತಪ್ಪಾಯಿತು ಮಗಳೇ.

ಪೊಟ್ಟಣದಲ್ಲಿ ಇನ್ನು ನಾಲ್ಕು ಚಮಚ ಮಿಸೊ ಉಳಿದಿದೆ. ಮುಟ್ಟುವುದಿಲ್ಲ. ಗುಳ್ಳ ಮೇ ತಿಂಗಳವರೆಗೆ ಸಿಗುತ್ತದೆ.

ನಿನ್ನ
ಅಪ್ಪ