ಬ್ಲೂ ಹೋಲ್‌ಗೆ ಒಬ್ಬರೇ ಇಳಿಯುವುದು ಬೇಡ

ಗೆಳೆಯರೇ, ಈಜಿಪ್ಟಿನ ದಹಾಬ್‌ನಲ್ಲಿ ಸಮುದ್ರದೊಳಗಿನ ಆಳವಾದ ಗುಂಡಿ ಬ್ಲೂ ಹೋಲ್‌ನ ಆರ್ಚ್ (ಹೊರಗಿನ ಸಮುದ್ರಕ್ಕೆ ತೆರೆಯುವ ಕಲ್ಲಿನ ಕಮಾನು) ತನಕ ಸ್ಕೂಬಾ ಡೈವ್ ಮಾಡಿ ಒಬ್ಬರೇ ಇಳಿಯಬಹುದಾ ಅಂತ ನಿನ್ನೆ ಇಬ್ಬರು ಕೇಳಿದಿರಿ. ದಯವಿಟ್ಟು ಬೇಡ. ಆರ್ಚ್‌ನ ಮೇಲಂಚೇ ಸುಮಾರು 55 ಮೀಟರ್ ಆಳದಲ್ಲಿದೆ. ಅಲ್ಲಿ ನೀರಿನ ಮೇಲಿಗಿಂತ ಆರೂವರೆ ಪಟ್ಟು ಉಸಿರಾಟದ ಗ್ಯಾಸ್ ಖರ್ಚಾಗುತ್ತದೆ, ಸಾದಾ ಗಾಳಿ ಉಸಿರಾಡಿದರೆ ಕುಡಿದವರ ಹಾಗೆ ತಲೆ ಮಂಕಾಗುತ್ತದೆ, ಮಂಕಾಗಿದೆ ಅಂತ ನಮಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಎರಡು ಸಿಲಿಂಡರ್, ಎರಡು ರೆಗ್ಯುಲೇಟರ್ (ಸಿಲಿಂಡರಿನ ಗ್ಯಾಸನ್ನು ಬಾಯಿಗೆ ಕೊಡುವ ಸಾಧನ) ಇದ್ದರೆ ಸಾಕಲ್ವಾ ಅಂತೀರಿ. ಒಂದು ಕೈಕೊಟ್ಟಾಗ ಇನ್ನೊಂದು ಕಾಯುತ್ತದೆ, ಒಪ್ಪುತ್ತೇನೆ. ಆದರೆ ಮೇಲೆ ಬರುವಾಗ 21 ಮೀಟರ್ ತಲುಪಿದ ಮೇಲೆ ಉಸಿರಾಡಲು ಮೀಸಲಿಟ್ಟ, 50 ಪರ್ಸೆಂಟ್ ಆಕ್ಸಿಜನ್ ಇರುವ ಗ್ಯಾಸಿನ ರೆಗ್ಯುಲೇಟರನ್ನು ತಪ್ಪಿ ಆಳದಲ್ಲೇ ಬಾಯಿಗಿಟ್ಟರೆ, ಅಲ್ಲಿನ ಒತ್ತಡದಲ್ಲಿ ಅಷ್ಟು ಆಕ್ಸಿಜನ್ ವಿಷವಾಗಿ ಫಿಟ್ಸ್ ಬರಬಹುದು. ಆಗ ಹಿಡಿದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಗ್ಯಾಸ್ ಬದಲಿಸುವ ಮೊದಲು ಸಿಲಿಂಡರ್ ಮೇಲೆ ಬರೆದ ಆಳವನ್ನು ಜೊತೆಗಾರರಿಗೆ ತೋರಿಸಿ, ಅವರು ಓಕೆ ಸನ್ನೆ ಮಾಡಿದ ಮೇಲೇ ಬಾಯಿಗಿಡಿ.