ಕಾಫಿಗಿಂತ ಮೊದಲೇ ಮೆಣಸು ಕಡಲು ದಾಟಿತ್ತು

ಸಂಪಾದಕರೇ,

ಕಾಫಿ ಹೂ ಬಿಡುವ ಹೊತ್ತಿಗೆ ಪತ್ರಿಕೆಗಳಲ್ಲಿ ಬಾಬಾ ಬುಡನ್ ಕಥೆ ಬಂದೇ ಬರುತ್ತದೆ. ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಅನ್ನುವ ಕಥೆ. ಎಷ್ಟು ಸಲ ಓದಿದರೂ ನನಗೆ ಇಷ್ಟವೇ. ಆದರೆ ಅರಬ್ಬಿ ಕಡಲಿನ ಆಚೆಯವರ ಜೊತೆ ನಮ್ಮ ಸೀಮೆಯ ನಂಟು ಅಲ್ಲಿಂದ ಶುರುವಾಗಿದ್ದಲ್ಲ. ಅದಕ್ಕೂ ಐನೂರು ವರ್ಷ ಮೊದಲೇ ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಅರಬ್ಬಿ ಮಾತಾಡುವ ವ್ಯಾಪಾರಿಗಳು ಮನೆ ಮಾಡಿಕೊಂಡಿದ್ದರು. ಅವರ ಬಗ್ಗೆ ಯಾರೂ ಬರೆಯುವುದಿಲ್ಲ ಅಲ್ವಾ?

ನಮ್ಮ ಅಂಗಳದಲ್ಲಿ ಈಗ ಮೆಣಸು ಒಣಗುತ್ತಿದೆ. ಹಸಿರು ಕಾಳು ಎರಡು ಬಿಸಿಲಿಗೆ ಕಂದಾಗಿ, ಆಮೇಲೆ ಕಪ್ಪಗೆ ಸುಕ್ಕುಗಟ್ಟುತ್ತದೆ. ಹಿಡಿ ತುಂಬ ತಗೊಂಡು ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗಲೇ ಚೀಲಕ್ಕೆ. ಈ ಕಾಳಿಗಾಗಿಯೇ ಅವರು ಬಂದದ್ದು. 1342ರ ಸುಮಾರಿಗೆ ಮಂಗಳೂರಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಮೆಣಸು, ಶುಂಠಿ ಹೇರಳ, ಪರ್ಷಿಯಾ ಮತ್ತು ಯೆಮನ್ ವರ್ತಕರು ಇಳಿಯುವುದೇ ಇಲ್ಲಿ, ಊರ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ ಎಂದು ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತಂತೆ. ವರ್ತಕರು ಬೇಕಾದ್ದರಿಂದ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದನಂತೆ.

ಅದಕ್ಕೂ ಇನ್ನೂರು ವರ್ಷ ಹಿಂದೆ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಮಂಗಳೂರಿನಲ್ಲಿದ್ದ. ಟುನೀಷಿಯಾ ಕಡೆಯ ಯಹೂದಿ, ಬರೆಯುತ್ತಿದ್ದದ್ದು ಅರಬ್ಬಿಯಲ್ಲಿ, ಹೀಬ್ರೂ ಅಕ್ಷರದಲ್ಲಿ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ ಸಿಕ್ಕಿವೆ. ಇಲ್ಲಿಂದ ಯೆಮನ್‌ನ ಏಡನ್ ಬಂದರಿಗೆ ಮೆಣಸು, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಅವನ ಸರಕು ಹೊತ್ತು ಏಡನ್‌ಗೆ ಹೋಗಿಬಂದ ಗುಲಾಮ, ನಂಬಿಕಸ್ಥ ಆಳು, ಅವನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ನಮ್ಮೂರ ಹೆಸರು! ಒಂಬೈನೂರು ವರ್ಷದ ಹಿಂದೆ ಒಬ್ಬ ಬೊಮ್ಮ ಏಡನ್ ನೋಡಿದ್ದ ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಮಳೆಗಾಲಕ್ಕೆ ನಾವು ಹೇಳುವ ಮಾನ್ಸೂನ್ ಪದವೂ ಅರಬ್ಬಿಯ 'ಮೌಸಿಮ್', ಅಂದರೆ ಋತು, ಎಂಬ ಮಾತಿನಿಂದ ಬಂದದ್ದು. ಆ ಗಾಳಿ ನಂಬಿಯೇ ಅವರ ಹಡಗು ಓಡುತ್ತಿದ್ದದ್ದು. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಇಲ್ಲೇ ಇರಬೇಕು, ಹಾಗಾಗಿ ಇಲ್ಲೇ ಮದುವೆಯಾದರು, ಸಂಸಾರ ಬೆಳೆಯಿತು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮೂಲವನ್ನು ಹಿರಿಯರು ಹೇಳುವುದೂ ಹೀಗೇ. ತುಳುವಿನ 'ಬ್ಯಾರ', ಅಂದರೆ ವ್ಯಾಪಾರ, ಅದರಿಂದಲೇ ಆ ಹೆಸರು ಅನ್ನುತ್ತಾರೆ. ನಮ್ಮ ತಂದೆಯ ಕಾಲದಿಂದ ಮೆಣಸು ಕೊಳ್ಳಲು ಮನೆಗೆ ಬರುವ ಬ್ಯಾರಿ ಕಾಕ, ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿಯೇ ಬೆಲೆ ಹೇಳುತ್ತಾರೆ. ಆ ಲೆಕ್ಕಾಚಾರ ಎಷ್ಟು ತಲೆಮಾರಿನದೋ.

ನನ್ನದೊಂದು ಕೋರಿಕೆ. ನಿಮ್ಮ ವರದಿಗಾರರನ್ನು ಮಂಗಳೂರಿನ ಬಂದರಿಗೆ ಕಳಿಸಿ, ಅಲ್ಲಿನ ಹಿರಿಯರನ್ನು ಮಾತಾಡಿಸಿ ಬರೆಸಿ. ಚಿಕ್ಕಮಗಳೂರಿನ ಕಾಫಿ ಮ್ಯೂಸಿಯಂನಲ್ಲೂ ಒಂದು ಗೋಡೆ ಈ ಕಥೆಗೆ ಇರಲಿ. ನಮ್ಮ ಕಡೆಯ ಶಾಲೆ ಮಕ್ಕಳ ಪ್ರವಾಸದ ಬಸ್ಸು ಸುಮ್ನೆ ಪಣಂಬೂರು ಬೀಚ್ ನೋಡಿ ವಾಪಸ್ ಬರುತ್ತದೆ. ಬಂದರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳನ್ನು ತೋರಿಸಿ, ನಿಮ್ಮ ಮನೆಯ ಮೆಣಸು ಹಡಗು ಹತ್ತಿದ್ದು ಈ ಊರಿನಲ್ಲೇ ಎಂದು ಮೇಷ್ಟ್ರು ಮಕ್ಕಳಿಗೆ ಹೇಳಲಿ.

ಇತಿ,
ಒಬ್ಬ ಬೆಳೆಗಾರ, ಮೂಡಿಗೆರೆ ತಾಲ್ಲೂಕು