ತಂತ್ರಾಂಶದ ಬಿರುಕು ಮುಚ್ಚುವುದು ಮಾರಿದವರ ಹೊಣೆ

ಮಾನ್ಯ ಸಂಪಾದಕರೇ,

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯವರು ಕೆಲವು ದಿನಗಳ ಹಿಂದೆ ತಮ್ಮ ಮೊಬೈಲನ್ನು ನನ್ನ ಕೈಗಿತ್ತು, ‘ಮೇಷ್ಟ್ರೇ, ಇದರಲ್ಲಿ ದುಡ್ಡಿನ ವ್ಯವಹಾರ ಮಾಡಬಹುದೋ ಬಾರದೋ, ಸ್ವಲ್ಪ ನೋಡಿ ಹೇಳಿ’ ಎಂದು ಕೇಳಿದರು. 2020ರಲ್ಲಿ ಕೊಂಡ ಫೋನು. ಒಮ್ಮೆ ಬ್ಯಾಟರಿ ಬದಲಿಸಿದ್ದಾರೆ, ಗಾಜಿನ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳಿದೆ. ಉಳಿದಂತೆ ಚೆನ್ನಾಗಿಯೇ ನಡೆಯುತ್ತಿದೆ. ಸೆಟ್ಟಿಂಗ್ಸ್ ತೆರೆದು, ಫೋನಿನ ವಿವರಗಳಿರುವ ಪುಟಕ್ಕೆ ಹೋಗಿ, ‘ಸೆಕ್ಯುರಿಟಿ ಅಪ್‌ಡೇಟ್’ ಎಂಬ ಸಾಲಿನ ಮುಂದೆ ನೋಡಿದರೆ ಅಲ್ಲಿದ್ದ ದಿನಾಂಕ 2022ರ ಮಾರ್ಚ್ 5. ಅಲ್ಲಿಂದೀಚೆಗೆ ಆಂಡ್ರಾಯ್ಡ್‌ನಲ್ಲಿ ಬೆಳಕಿಗೆ ಬಂದ, ಕಳ್ಳರು ಒಳನುಸುಳಬಹುದಾದ ಗಂಭೀರ ಲೋಪಗಳಲ್ಲಿ ಹೆಚ್ಚಿನವಕ್ಕೆ ಆ ಫೋನಿನಲ್ಲಿ ತೇಪೆಯೇ, ಅಂದರೆ ಲೋಪ ಮುಚ್ಚುವ ಅಪ್‌ಡೇಟೇ, ಬಿದ್ದಿಲ್ಲ. ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿಗೆ ಕರೆ ಮಾಡಿದಾಗ, ಆ ಮಾಡೆಲ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ ಎಂಬ ಉತ್ತರ ಸಿಕ್ಕಿತು.

ಈ ಉತ್ತರವನ್ನು ನಾವೆಲ್ಲ ಮರುಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇವೆ ಎಂಬುದೇ ನನ್ನನ್ನು ಈ ಪತ್ರ ಬರೆಯಲು ಹಚ್ಚಿತು. ಸೈಕಲ್ಲಿನ ಟೈರು ಸವೆದರೆ ಖರ್ಚು ಸವಾರನದು. ಅದರಲ್ಲಿ ಯಾರ ತಕರಾರೂ ಇಲ್ಲ. ತಂತ್ರಾಂಶ ಹಾಗೆ ಸವೆಯುವ ವಸ್ತುವಲ್ಲ. ಕಾರ್ಯದರ್ಶಿಯವರ ಫೋನಿನಲ್ಲಿ 2023ರಲ್ಲಿ ಬಯಲಾದ ಲೋಪವೊಂದು ಅದನ್ನು ಪೆಟ್ಟಿಗೆಯಿಂದ ಹೊರತೆಗೆದ ದಿನವೇ ಅದರೊಳಗೆ ಕುಳಿತಿದ್ದಿರಬಹುದು; ಅದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಹೀಗೆ ತಯಾರಾಗುವಾಗಲೇ ಸೇರಿಕೊಂಡು, ತಡವಾಗಿ ಕಾಣಿಸಿಕೊಂಡದ್ದನ್ನು ತಯಾರಿಕೆಯ ದೋಷ ಎನ್ನದೆ ಬೇರೇನೆನ್ನಬೇಕು? ವಾಹನಗಳ ವಿಷಯದಲ್ಲಿ ನಮ್ಮ ಕಾನೂನು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದೆ. ಸ್ಟಿಯರಿಂಗ್‌ನಲ್ಲೋ ಬ್ರೇಕಿನಲ್ಲೋ ದೋಷ ಕಂಡುಬಂದರೆ ಕಾರು ಕಂಪನಿಗಳು ಸಾವಿರಾರು ಕಾರುಗಳನ್ನು ವಾಪಸು ಕರೆಸಿ, ಮಾಲೀಕನಿಂದ ಬಿಡಿಗಾಸೂ ಪಡೆಯದೆ ಸರಿಪಡಿಸಿ ಕೊಡುತ್ತವೆ. ಅವು ತಾವಾಗಿ ಕರೆಸದಿದ್ದರೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಜನ ತಮ್ಮ ಬ್ಯಾಂಕ್ ಖಾತೆಯನ್ನೇ ಒಪ್ಪಿಸಿರುವ ಮೊಬೈಲು, ಕಂಪ್ಯೂಟರುಗಳ ತಂತ್ರಾಂಶಕ್ಕೆ ಇಂಥ ಪ್ರತ್ಯೇಕ ಕಟ್ಟುಪಾಡಿಲ್ಲ.

ಕಂಪ್ಯೂಟರಿನ ವಿಷಯಕ್ಕೆ ಬಂದರೆ ಇತ್ತೀಚಿನ ದೊಡ್ಡ ಉದಾಹರಣೆ ವಿಂಡೋಸ್ 10. 2015ರ ಜುಲೈನಲ್ಲಿ ಬಿಡುಗಡೆಯಾದ ಈ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲವನ್ನು ಕೊನೆಗೊಳಿಸಿತು. ಹತ್ತು ವರ್ಷ ಬೆಂಬಲ ಕೊಟ್ಟರಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಆದರೆ ಆ ಹತ್ತು ವರ್ಷದ ಲೆಕ್ಕ ಕಂಪನಿ ವಿಂಡೋಸ್ 10 ಅನ್ನು ಬಿಡುಗಡೆ ಮಾಡಿದ ದಿನದಿಂದ ಆರಂಭವಾಗುತ್ತದೆಯೇ ಹೊರತು ಗ್ರಾಹಕ ಹಣ ಕೊಟ್ಟ ದಿನದಿಂದಲ್ಲ. ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ವಿಂಡೋಸ್ 10ರ ಪರವಾನಗಿಯನ್ನು 2023ರ ಜನವರಿ 31ರವರೆಗೂ ಮಾರುತ್ತಿತ್ತು. ಆ ತಿಂಗಳು ಕೊಂಡವನಿಗೆ ದಕ್ಕಿದ್ದು ಮೂರು ವರ್ಷವೂ ಇಲ್ಲ.

ಹಾಗಾದರೆ ವಿಂಡೋಸ್ 11ಕ್ಕೆ ಹೋಗಲಿ ಎಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಶ ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೆಯ ತಲೆಮಾರಿನ, ಅಂದರೆ 2017ರ ನಂತರದ ಪ್ರೊಸೆಸರ್ ಬೇಕು. ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ಟಿಪಿಎಂನಿಂದ ನಿಜವಾದ ಉಪಯೋಗವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2021ರಲ್ಲಿ ಇದೇ ಕಂಪನಿ, ತಾನೇ ತಯಾರಿಸಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೊ 2 ಎಂಬ ದುಬಾರಿ ಕಂಪ್ಯೂಟರಿನಲ್ಲಿದ್ದ ಏಳನೆಯ ತಲೆಮಾರಿನ ಪ್ರೊಸೆಸರನ್ನು ಅರ್ಹರ ಪಟ್ಟಿಗೆ ಸೇರಿಸಿಕೊಂಡಿತು. ಅದೇ ತಲೆಮಾರಿನ ಪ್ರೊಸೆಸರ್ ಇರುವ ಬೇರೆಯವರ ಯಂತ್ರಗಳಲ್ಲಿ ಹೆಚ್ಚಿನವು ಹೊರಗೇ ಉಳಿದವು. ಗೆರೆ ಎಳೆದವರೇ ತಮಗೆ ಬೇಕಾದಲ್ಲಿ ಗೆರೆ ದಾಟಿದ ಮೇಲೆ, ಅದು ಪೂರ್ತಿಯಾಗಿ ಭದ್ರತೆಯ ಗೆರೆಯೆಂದು ನಂಬುವುದು ನನ್ನಿಂದಾಗದು. ಈ ಬದಲಾವಣೆಯಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಇ-ತ್ಯಾಜ್ಯವಾಗಬಹುದೆಂದು ಕೆನಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು.

ವಿಂಡೋಸ್ 10ರಲ್ಲೇ ಉಳಿದವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ನ ಯೋಜನೆಯೊಂದನ್ನು ಪ್ರಕಟಿಸಲಾಯಿತು. ಅದು 2026ರ ಅಕ್ಟೋಬರ್ 13ರವರೆಗಿನದು. ಅದನ್ನು ಪಡೆಯಲು 30 ಡಾಲರ್ ಕಟ್ಟಬೇಕು, ಇಲ್ಲವೇ ಕಂಪನಿಯ ಬಹುಮಾನ ಯೋಜನೆಯ 1000 ಅಂಕಗಳನ್ನು ಕೊಡಬೇಕು, ಎರಡೂ ಬೇಡವೆಂದರೆ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಲಾಗಿನ್ ಆಗಿ ತನ್ನ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡ್‌ಗೆ, ಅಂದರೆ ಅದರ ದೂರದ ಕಂಪ್ಯೂಟರುಗಳಿಗೆ, ಬ್ಯಾಕಪ್ ಆಗಿ ಒಪ್ಪಿಸಬೇಕು. ಯುರೋಪಿನ ಗ್ರಾಹಕ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ಅದರ ಫಲವಾಗಿ 2025ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಆರ್ಥಿಕ ವಲಯದ ದೇಶಗಳವರಿಗೆ, ಖಾತೆಯ ಷರತ್ತು ಉಳಿದರೂ, ಹಣವಿಲ್ಲದೆ ಮತ್ತು ಬ್ಯಾಕಪ್‌ನ ಒತ್ತಾಯವಿಲ್ಲದೆ ಅಪ್‌ಡೇಟ್ ಕೊಡಲು ಕಂಪನಿ ಒಪ್ಪಿತು. ಪ್ಯಾರಿಸ್ಸಿನ ಕಂಪ್ಯೂಟರಿಗೂ ಹುಬ್ಬಳ್ಳಿಯ ಕಂಪ್ಯೂಟರಿಗೂ ಬೀಳುವ ತೇಪೆ ಒಂದೇ. ಅದನ್ನು ತಯಾರಿಸುವ ಖರ್ಚು ಆಗಲೇ ಆಗಿ ಹೋಗಿದೆ. ಹಾಗಿದ್ದೂ ನಮಗೊಂದು ಷರತ್ತು, ಅವರಿಗೊಂದು ಷರತ್ತು ಆಗಲು ಕಾರಣ, ಅಲ್ಲಿನವರು ಕೇಳಿದರು, ನಾವು ಕೇಳಲಿಲ್ಲ.

ತೇಪೆ ತಯಾರಿದ್ದೂ ಎಲ್ಲರಿಗೂ ಕೊಡದಿದ್ದರೆ ಏನಾಗುತ್ತದೆಂಬುದನ್ನು ಜಗತ್ತು 2017ರ ಮೇ 12ರಂದು ಕಂಡಿದೆ. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಅಂದಿನಿಂದ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಿಗೆ ಹರಡಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾದವು. ನಮ್ಮ ಮಗ್ಗುಲಿನ ವಯನಾಡಿನ ತರಿಯೋಡು ಪಂಚಾಯಿತಿಯ ಕಂಪ್ಯೂಟರುಗಳೂ ಬೀಗ ಬಿದ್ದಂತಾಗಿ, ತೆರೆಯಲು ಹಣ ಕೊಡಿ ಎಂಬ ಬರಹ ತೋರಿಸಿದವು. ವಾನಾಕ್ರೈ ನುಗ್ಗಲು ಬಳಸಿದ ವಿಂಡೋಸ್‌ನ ಲೋಪಕ್ಕೆ ತೇಪೆ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳಿಗೆ ಭದ್ರತಾ ಬೆಂಬಲ ಉಳಿದದ್ದು ವಿಶೇಷ ಒಪ್ಪಂದಕ್ಕೆ ಹಣ ಕಟ್ಟುತ್ತಿದ್ದ ಸಂಸ್ಥೆಗಳಿಗೆ ಮಾತ್ರ. ದಾಳಿಯಾದ ಮೇಲಷ್ಟೇ ಕಂಪನಿ ಅದನ್ನು ಎಲ್ಲರಿಗೂ ತೆರೆದಿಟ್ಟಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಾನಾಕ್ರೈಗೆ ಬಲಿಯಾದವುಗಳಲ್ಲಿ ಬಹುಪಾಲು ಎಕ್ಸ್‌ಪಿ ಯಂತ್ರಗಳಾಗಿರಲಿಲ್ಲ; ಬೆಂಬಲವಿದ್ದೂ ಅಪ್‌ಡೇಟ್ ಆಗದೆ ಉಳಿದಿದ್ದ ವಿಂಡೋಸ್ 7ರ ಯಂತ್ರಗಳವು. ಇದನ್ನು ಬಳಕೆದಾರರ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2015 ಮತ್ತು 2016ರಲ್ಲಿ ವಿಂಡೋಸ್ 7 ಹಾಗೂ 8 ಬಳಸುತ್ತಿದ್ದವರನ್ನು ವಿಂಡೋಸ್ 10ಕ್ಕೆ ಎಳೆಯಲು ಅಪ್‌ಡೇಟ್‌ನ ದಾರಿಯನ್ನೇ ಬಳಸಲಾಯಿತು. ಪರದೆಯ ಮೇಲೆ ಬಂದ ಸೂಚನೆಯನ್ನು ಬೇಡವೆಂದು ಮೂಲೆಯ ಇಂಟು ಗುರುತು ಒತ್ತಿ ಮುಚ್ಚಿದರೂ ಅದನ್ನು ಒಪ್ಪಿಗೆಯೆಂದೇ ಎಣಿಸಿದ ಕಾಲವದು. ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ತಮ್ಮ ಅನುಮತಿಯಿಲ್ಲದೆ ಕಂಪ್ಯೂಟರ್ ಬದಲಾಗಿ ವ್ಯವಹಾರ ಕೆಟ್ಟಿತೆಂದು ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. ಮಿತಿ ಮೀರಿದ್ದೆವೆಂದು ಕಂಪನಿಯ ಹಿರಿಯ ಅಧಿಕಾರಿಯೇ 2016ರ ಕೊನೆಗೆ ಒಪ್ಪಿಕೊಂಡರು. ಔಷಧದ ಬಾಟಲಿಯಲ್ಲಿ ಬೇರೇನನ್ನೋ ಬೆರೆಸಿ ಕುಡಿಸಿದರೆ ರೋಗಿ ಮುಂದೆ ಔಷಧವನ್ನೇ ದೂರ ಇಡುತ್ತಾನೆ. ಅಪ್‌ಡೇಟ್ ಎಂದರೆ ಜಾಹೀರಾತು, ಕೇಳದೇ ಬಂದು ಕೂರುವ ಆ್ಯಪ್, ಅದಲುಬದಲಾದ ಮೆನು ಎಂದು ಒಮ್ಮೆ ಮನಸ್ಸಿನಲ್ಲಿ ಕೂತ ಮೇಲೆ ಜನ ಅದನ್ನು ನಿಲ್ಲಿಸಿಡುತ್ತಾರೆ. ನನ್ನ ಶಾಲೆಯ ಪ್ರಯೋಗಾಲಯದಲ್ಲಿ ಪರೀಕ್ಷೆಯ ದಿನ ಯಂತ್ರಗಳು ಕೈಕೊಡದಿರಲೆಂದು ನಾನೂ ತಿಂಗಳುಗಟ್ಟಲೆ ಅಪ್‌ಡೇಟ್ ತಡೆದಿಟ್ಟಿದ್ದುಂಟು. ಅದು ತಪ್ಪೆಂದು ಈಗ ತಿಳಿದಿದೆ.

ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಗೆ ಬದಲಾಯಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದು ಸಲಹೆ ಕೊಡುವ ಸ್ನೇಹಿತರಿದ್ದಾರೆ. ಶಾಲೆಗಳ ಮಟ್ಟಿಗೆ ಈ ಮಾತು ನಿಜ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸಿ ತೋರಿಸಿವೆ, ನಾವೂ ಆ ದಾರಿ ಹಿಡಿಯಬೇಕು. ಆದರೆ ನಮ್ಮ ಬಸ್ ನಿಲ್ದಾಣದ ಎದುರಿನ ಡಿಟಿಪಿ ಅಂಗಡಿಯಲ್ಲಿ ಮದುವೆ ಕರೆಯೋಲೆಯಿಂದ ಸಹಕಾರ ಸಂಘದ ವಾರ್ಷಿಕ ವರದಿಯವರೆಗೆ ಇಪ್ಪತ್ತು ವರ್ಷಗಳ ಕಡತಗಳು ವಿಂಡೋಸ್‌ನಲ್ಲಿ ನಡೆಯುವ ಕನ್ನಡ ಬರಹದ ತಂತ್ರಾಂಶಗಳಾದ ನುಡಿಯ ಹಳೆಯ ಫಾಂಟ್‌ಗಳಲ್ಲಿ, ಶ್ರೀಲಿಪಿಯಲ್ಲಿ, ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ ಕುಳಿತಿವೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಸಂಕೇತ ಕ್ರಮದಲ್ಲಿಲ್ಲದ ಆ ಅಕ್ಷರಗಳನ್ನು ಪರಿವರ್ತಿಸಲು ಹೋದರೆ ಒತ್ತಕ್ಷರ, ಅರ್ಕಾವತ್ತುಗಳು ಎಲ್ಲೆಲ್ಲೋ ಸೇರಿಕೊಂಡು, ಪ್ರತಿ ಪುಟವನ್ನೂ ಕೂತು ತಿದ್ದಬೇಕಾಗುತ್ತದೆ. ಅಂಥವರಿಗೆ ಬದಲಾಗಿ ಎಂದು ಹೇಳುವುದು ಬಾಯಿಮಾತಿನಷ್ಟು ಸಲೀಸಲ್ಲ.

ನಾನು ಕೇಳುತ್ತಿರುವುದು ಅಸಾಧ್ಯವಾದುದನ್ನಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನೂ ತಯಾರಾದ ತಿಂಗಳನ್ನೂ ಮುದ್ರಿಸಬೇಕೆಂದು ಕಾನೂನಿದೆ. ಅದರಂತೆ ಮೊಬೈಲಿನ, ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ, ಭದ್ರತಾ ಅಪ್‌ಡೇಟ್ ಇಂಥ ತಿಂಗಳಿನವರೆಗೆ ಬರುತ್ತದೆ ಎಂದು ಕನ್ನಡದಲ್ಲೂ ಮುದ್ರಿಸುವಂತಾಗಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಅಂತರ್ಜಾಲಕ್ಕೆ ಸೇರುವ ಗೃಹೋಪಯೋಗಿ ಸಾಧನಗಳ ತಯಾರಕರು ಈ ಅವಧಿಯನ್ನು ಪ್ರಕಟಿಸಲೇಬೇಕು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮದಂತೆ ಒಂದು ಮಾಡೆಲ್‌ನ ಮಾರಾಟ ನಿಂತ ದಿನದಿಂದ ಕನಿಷ್ಠ ಐದು ವರ್ಷ ಫೋನಿಗೆ ಅಪ್‌ಡೇಟ್ ಸಿಗಬೇಕು. ಅಲ್ಲಿಯದೇ ಇನ್ನೊಂದು ಕಾಯ್ದೆ, 2027ರ ಡಿಸೆಂಬರ್‌ನಿಂದ ಪೂರ್ತಿ ಜಾರಿಗೆ ಬರಲಿರುವುದು, ಭದ್ರತೆಯ ತೇಪೆಯನ್ನು ಸಾಧ್ಯವಿದ್ದಲ್ಲೆಲ್ಲ ಹೊಸ ಸೌಲಭ್ಯಗಳಿಂದ ಬೇರ್ಪಡಿಸಿ, ಉಚಿತವಾಗಿ ಕೊಡಬೇಕೆನ್ನುತ್ತದೆ. ನನಗೆ ಇವುಗಳಲ್ಲಿ ಅತ್ಯಂತ ಮುಖ್ಯವೆನಿಸುವುದು ಈ ಬೇರ್ಪಡಿಸುವಿಕೆಯೇ. ತೇಪೆ ಮಾತ್ರ ಬರುತ್ತದೆ, ಬೇರೇನೂ ನುಸುಳುವುದಿಲ್ಲ ಎಂಬ ಭರವಸೆ ಇದ್ದರೆ ಅಪ್‌ಡೇಟನ್ನು ಯಾರೂ ನಿಲ್ಲಿಸಿಡುವುದಿಲ್ಲ. ಕಂಪನಿಯ ಬೆಂಬಲ ಮುಗಿದ ದಿನ ಸಾಧನದ ಬೀಗವನ್ನು ತೆರೆದು, ಬೇರೆಯವರ ತಂತ್ರಾಂಶ ಹಾಕಿಕೊಳ್ಳಲು ಮಾಲೀಕನಿಗೆ ಬಿಡಬೇಕೆಂಬುದೂ ಇದಕ್ಕೇ ಸೇರಿದ ಮಾತು.

ಹೀಗೆ ಸರ್ಕಾರದ ನೆರವು ಕೇಳುವಾಗ ಒಂದು ಎಚ್ಚರಿಕೆಯೂ ಬೇಕು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆಯು, ಹೊಸ ಫೋನುಗಳಲ್ಲೆಲ್ಲ, ಮೊಬೈಲ್ ವಂಚನೆ ತಡೆಯಲೆಂದು ತಾನು ತಂದ ಸಂಚಾರ್ ಸಾಥಿ ಆ್ಯಪನ್ನು ಮೊದಲೇ ಅಳವಡಿಸಬೇಕು, ಅದರ ಕೆಲಸವನ್ನು ತಡೆಯುವಂತಿರಬಾರದು ಎಂದು ತಯಾರಕರಿಗೆ ಆದೇಶಿಸಿತ್ತು. ಜನರ ವಿರೋಧ ಕಂಡು ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂತೆಗೆದುಕೊಂಡದ್ದು ಸ್ವಾಗತಾರ್ಹ. ಭದ್ರತೆಯ ಹೆಸರಿನಲ್ಲಿ ಫೋನಿನೊಳಗೆ ಕೇಳದೆ ಬಂದು ಕೂರುವುದು ಕಂಪನಿ ಮಾಡಿದರೆ ತಪ್ಪು, ಸರ್ಕಾರ ಮಾಡಿದರೆ ಸರಿ ಎಂದಾಗದು.

ನಮ್ಮ ಸಂಸ್ಥೆಗಳು ಕೈಲಾಗದವೇನಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು, ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಉತ್ಪನ್ನಕ್ಕೆ ತಯಾರಕನನ್ನು ಹೊಣೆಯಾಗಿಸುವ ಪ್ರತ್ಯೇಕ ಅಧ್ಯಾಯವೇ ಇದೆ. ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಧನಗಳು ಎಷ್ಟರಮಟ್ಟಿಗೆ ದುರಸ್ತಿಗೆ ಒಗ್ಗುತ್ತವೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿದ್ದು, ತಂತ್ರಾಂಶದ ಅಪ್‌ಡೇಟ್ ಅದರ ಮಾನದಂಡಗಳಲ್ಲೊಂದು. ಅಂಕಗಳಿಂದ ಹಾಲು ಸಂಘದ ಕಾರ್ಯದರ್ಶಿಯವರಿಗೆ ಏನೂ ತಿಳಿಯದು. ಅವರಿಗೆ ಬೇಕಾದದ್ದು ಒಂದು ದಿನಾಂಕ. ಆ ಇಲಾಖೆಯ ಹೊಣೆ ಹೊತ್ತಿರುವ ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ಧಾರವಾಡದಿಂದ ಆರಿಸಿ ಹೋದವರು. ಪೆಟ್ಟಿಗೆಯ ಮೇಲೆ ಆ ದಿನಾಂಕವನ್ನು ಕಡ್ಡಾಯಗೊಳಿಸುವ ನಿಯಮವನ್ನು ಅವರು ಹೊರಡಿಸಬೇಕೆಂದು, ಯುರೋಪಿನವರಿಗೆ ಹಣವಿಲ್ಲದೆ ಕೊಟ್ಟ ತೇಪೆಯನ್ನು ಭಾರತದವರಿಗೂ ಹಾಗೆಯೇ ಕೊಡುವಂತೆ ಮೈಕ್ರೋಸಾಫ್ಟ್ ಕಂಪನಿಗೆ ಬರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಸಾಗರ, ಶಿವಮೊಗ್ಗ ಜಿಲ್ಲೆ